ಎತ್ತಿನ ನಿಜವಾದ ಬಣ್ಣ

ಇವತ್ತು ಬೆಳಿಗ್ಗೆ ಉಪ್ಪಿಟ್ಟಿಗೆ ನೀರು ಕುದಿಯಲಿಟ್ಟು, ಎಲ್‌ಕೆಜಿಯ ಮಗಳು ಇಂಚರಳ ಜಡೆಗೆ ರಿಬ್ಬನ್ ಕಟ್ಟಿ, ಅವಳ ಡೈರಿ ತೆರೆದೆ. ನಿನ್ನೆ ಸಂಜೆಯೇ ನೋಡಬೇಕಿತ್ತು. ನೋಡುವುದಿಲ್ಲ, ಅದು ನನ್ನ ಹಳೆಯ ರೋಗ.

ಒಳಗೆ ಬಣ್ಣ ಹಚ್ಚುವ ಹಾಳೆ, ‘ಓ ಫಾರ್ ಆಕ್ಸ್’. ನನ್ನ ಮಗಳ ಎತ್ತಿಗೆ ಒಂದು ಕೋಡು ಕೆಂಪು, ಇನ್ನೊಂದು ಹಸಿರು, ಮೈತುಂಬ ಗುಲಾಬಿ ಚುಕ್ಕೆ. ಮಿಸ್ ಹೊಸ ಹಾಳೆಯೊಂದನ್ನು ಪಿನ್ ಮಾಡಿ ಬರೆದಿದ್ದರು: ಪ್ರಾಣಿಗಳ ನಿಜವಾದ ಬಣ್ಣ ಕಲಿಸಿ, ನಾಡಿದ್ದು ಮತ್ತೆ ಮಾಡಿಸಿ ಕಳಿಸಿ.

ನಾನು ಕಾನ್ವೆಂಟಿನಲ್ಲಿ ಕಲಿತವಳು. ಕಂಡೇ ಇರದ ಜೀಬ್ರಾದ ಪಟ್ಟೆಗಳನ್ನು ಗೆರೆ ದಾಟದೆ ತುಂಬಿ ಸಿಸ್ಟರ್ ಕೈಯಿಂದ ಸ್ಟಾರ್ ಪಡೆದವಳು. ಆದ್ದರಿಂದ ಮಿಸ್ ಪರ ತಲೆಯಾಡಿಸಿದೆ. ಆಮೇಲೆ ನೆನಪಾಯಿತು. ಕಾರಹುಣ್ಣಿಮೆಗೆ ಹರಿಹರದ ನನ್ನ ತವರಿಗೆ ಹೋಗಿದ್ದಾಗ, ಪಕ್ಕದ ಮನೆಯವರು ಹಬ್ಬಕ್ಕೆಂದು ಎತ್ತುಗಳಿಗೆ ಬಣ್ಣ ಬಳಿಯುವುದನ್ನು ಇವಳು ಕುಕ್ಕರಗಾಲಲ್ಲಿ ಕೂತು ನೋಡಿದ್ದಳು. ಅವಳು ಹತ್ತಿರದಿಂದ ಕಂಡ ಎತ್ತುಗಳೆಂದರೆ ಅವೇ.

ಶಾಲೆಯಿಂದ ಬಂದವಳಿಗೆ ಹೊಸ ಹಾಳೆ ಕೊಟ್ಟು, ಕಂದು ಬಣ್ಣ ಹಚ್ಚು ಪುಟ್ಟಿ ಎಂದೆ.

“ನೀನೂ ನೋಡಿದ್ದೆಯಲ್ಲ ಮಮ್ಮಿ. ಅದು ಹಂಗಾ ಇತ್ತು.”

ಅಳಲಿಲ್ಲ. ಕ್ರೆಯಾನುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಇನ್ನು ಬಣ್ಣ ಹಚ್ಚುವುದೇ ಇಲ್ಲವೆಂದು ಗೋಡೆ ಕಡೆ ತಿರುಗಿ ಕೂತಳು.

ಇಲ್ಲಿಂದ ನನ್ನ ತಲೆ ಗೊಂದಲದ ಗೂಡಾಯಿತು. ತಪ್ಪು ಎಂದರೆ ಅವಳ ಕಣ್ಣನ್ನೇ ತಪ್ಪು ಎಂದಂತೆ. ಸರಿ ಎಂದರೆ ನಾಳೆ ಮಿಸ್ ಎದುರು ನಿಲ್ಲುವವಳು ಅವಳು, ನಾನಲ್ಲ. ಬರಿಮೈಯ ಎತ್ತು ನಿಜವೆಂದಾದರೆ, ಹಬ್ಬದ ದಿನದ ಎತ್ತು ಸುಳ್ಳೇ? ರೇಷ್ಮೆ ಸೀರೆ ಉಟ್ಟ ದಿನ ನಾನೂ ಸುಳ್ಳೇ? ಇಂಥ ಪ್ರಶ್ನೆಗಳಿಗೆ ಸಿಸ್ಟರ್ ಉತ್ತರ ಬರೆಸಿರಲಿಲ್ಲ.

ಕೊನೆಗೆ ಹೇಡಿಗಳು ಮಾಡುವುದನ್ನೇ ಮಾಡಿದೆ. ನಾನೇ ಕೂತು ಕಂದು ಬಣ್ಣ ಹಚ್ಚಿದೆ. ಗೆರೆ ದಾಟಲಿಲ್ಲ. ಹೊಟ್ಟೆಯ ಕೆಳಗೆ ತುಸು ನೆರಳನ್ನೂ ಕೊಟ್ಟೆ. ಚೆನ್ನಾಗಿ ಬಂತೆಂದು ಖುಷಿಯಾದದ್ದು ನೆನೆದರೆ ಈಗಲೂ ನಾಚಿಕೆ.

ಸಂಜೆ, ಯಾವುದನ್ನು ಬ್ಯಾಗಿಗಿಡಲಿ ಎಂದು ಎರಡೂ ಹಾಳೆಗಳನ್ನು ಟೇಬಲ್ ಮೇಲೆ ಹರಡಿಕೊಂಡು ನಿಂತಿದ್ದಾಗ, ಎದುರುಮನೆಯ ಗೌರಮ್ಮ ಹಾಲಿಗೆ ಹೆಪ್ಪು ಕೇಳಲು ಬಂದರು. ಅವರಿಗೆ ಈ ಕಥೆಯೇನೂ ಗೊತ್ತಿಲ್ಲ. ಬಟ್ಟಲು ಹಿಡಿದುಕೊಂಡೇ ಬಗ್ಗಿ, ಮಗಳ ಎತ್ತನ್ನು ನೋಡಿ ಸುಮ್ಮನೆ ತಲೆದೂಗಿದರು. ಆಮೇಲೆ ನನ್ನದರ ಮೇಲೆ ಬೆರಳಿಟ್ಟು ಕೇಳಿದರು:

“ಪಾಪ, ಇದಕ್ಕ ಇನ್ನಾ ಹಬ್ಬ ಬಂದಿಲ್ಲೇನವ್ವ?”