ಸೀಸೆ ತಿಳಿಯಾಗುವ ತನಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಸ್ಕಿ ಕೆರೆಯ ಕೊನೆಯ ಮೆಟ್ಟಿಲ ಮೇಲೆ ಸರ್ದಾರಬಿ ಕೂತಿದ್ದಾಳೆ. ಕೈಯಲ್ಲಿ ಮೊಳದುದ್ದದ ಬೇವಿನ ಕಡ್ಡಿ. ಅದನ್ನು ನೀರಿಗೆ ಅದ್ದಿ, ನಿಧಾನವಾಗಿ ಎತ್ತಿ, ಮೂಡಲ ಕಡೆಗೆ ಹಿಡಿಯುತ್ತಾಳೆ. ಕಡ್ಡಿಯಿಂದ ಹಸಿರು ಎಳೆಗಳು ಇಳಿಬಿದ್ದಿವೆ. ಬೆರಳಿಗೆ ತಾಗಿದರೆ ಜಾರುತ್ತವೆ. "ರೇಷ್ಮಿ," ಎನ್ನುತ್ತಾಳೆ. ಕೇಳಲು ಹತ್ತಿರ ಯಾರೂ ಇಲ್ಲ. ಎಳೆಗಳನ್ನು ನೀರಿಗೆ ಬಿಟ್ಟು ಎದ್ದು ಮುಂದೆ ನಡೆಯುತ್ತಾಳೆ.

ಆಕೆ ದಿನಾ ನಾಲ್ಕು ಕಡೆ ನೀರು ನೋಡುತ್ತಾಳೆ: ಮೆಟ್ಟಿಲು, ಏರಿಯ ತಿರುವು, ತೂಬಿನ ಬಾಯಿ, ಕಡೆಗೆ ದನ ಇಳಿಯುವ ದಂಡೆ. ನಾಲ್ಕು ಕಡೆಯ ನೀರನ್ನು ನಾಲ್ಕು ಸೀಸೆಗಳಲ್ಲಿ ತುಂಬಿಕೊಳ್ಳುತ್ತಾಳೆ. ಲಿಂಗಸುಗೂರಿನ ದವಾಖಾನೆಯವರು ಬಿಸಾಡಿದ ಔಷಧಿ ಸೀಸೆಗಳು ಅವು, ನಾಲ್ಕೂ ಕಂದು ಬಣ್ಣದವು. ಒಳಗಿನದು ಕಾಣಬೇಕಾದರೆ ಸೂರ್ಯ ಮೇಲೇರಬೇಕು.

ಕೆರೆಯಲ್ಲಿ ಬೆಳೆಯುವ ಪಾಚಿಗಳಿಗೆ ಆಕೆ ತನ್ನದೇ ಹೆಸರು ಇಟ್ಟುಕೊಂಡಿದ್ದಾಳೆ. ನುಣುಪಾದ ಎಳೆಯದು ರೇಷ್ಮೆ. ಕವಲೊಡೆದು ಒರಟಾಗಿರುವುದು ನಾರು, ಹಿಂಡಿದರೆ ಹಳೆಯ ಗೋಣಿಯಂತೆ ಕೈಗೆ ಚುಚ್ಚುತ್ತದೆ. ಅಂಗೈ ಮೇಲೆ ಹರಡಿದರೆ ಕಣ್ಣು ಕಣ್ಣಾಗಿ ಬಿಚ್ಚಿಕೊಳ್ಳುವುದು ಬಲೆ. ತಳದಲ್ಲಿ ಗಿಡದ ಹಾಗೆ ನಿಂತು, ಹಿಚುಕಿದರೆ ಕರಕರ ಎಂದು ಬೆಳ್ಳುಳ್ಳಿಯ ನಾತ ಬರುವುದು ಕಲ್ಲುಪಾಚಿ. ಇವು ಯಾವುವೂ ಕೊಲ್ಲುವುದಿಲ್ಲ.

"ಕಡ್ಡಿಗೆ ಎಳಿ ಜೋತುಬಿದ್ರ ಭಯ ಇಲ್ರೀ. ಕಡ್ಡಿ ಬಣ್ಣದ ಗಡಿಗ್ಯಾಗ ಅದ್ದಿ ತಗದಂಗ ಬಂತಂದ್ರ ದನಾ ಬಿಡಬಾರದು. ಇಷ್ಟ ನನ್ನ ವಿದ್ಯಾ," ಎನ್ನುತ್ತಾಳೆ ಕೇಳಿದವರಿಗೆ.

ಇಷ್ಟೇ ಅಲ್ಲ. ಕೊಲ್ಲುವ ಪಾಚಿ ಇನ್ನೊಂದಿದೆ. ಅದರಂಥದ್ದೇ ಇವತ್ತು ದನ ಇಳಿಯುವ ದಂಡೆಯಲ್ಲಿ ಕಂಡಿದೆ.

ನೀರಿನ ಮೇಲೆ ಹಸಿರು ಚೂರುಗಳು. ಜೋಳದ ಗರಿಯನ್ನು ಸಣ್ಣಗೆ ಕತ್ತರಿಸಿ ಉದುರಿಸಿದ ಹಾಗೆ. ನಿನ್ನೆ ಸಂಜೆ ಏರಿಯ ಮೇಲೆ ಸೊಪ್ಪೆ, ಅಂದರೆ ಜೋಳದ ದಂಟು ಹೇರಿದ ಬಂಡಿಗಳು ಹೋಗಿವೆ. ಶಿವರಾತ್ರಿ ಹತ್ತಿರ ಬಂದಿದೆ, ಜೋಳದ ಕೊಯ್ಲು ಮುಗಿಯುತ್ತಿದೆ, ಗಾಳಿಯೂ ಇತ್ತು. ಯಾರು ನೋಡಿದರೂ ಸೊಪ್ಪೆಯ ಚೂರು ಎನ್ನುತ್ತಾರೆ. ಸರ್ದಾರಬಿ ಬಗ್ಗಿ ನೀರನ್ನು ಬೊಗಸೆಯಲ್ಲಿ ಎತ್ತುತ್ತಾಳೆ. ಸೀಸೆಗೆ ತುಂಬಿ, ಜೋರಾಗಿ ಅಲ್ಲಾಡಿಸಿ, ದನ ಕಟ್ಟುವ ಗೂಟಗಲ್ಲಿನ ಬುಡದಲ್ಲಿ ಇಡುತ್ತಾಳೆ. ಒಂದು ಚಿಟಿಕೆಯನ್ನು ಬಿಳಿ ಕಲ್ಲಿನ ಮೇಲೆ ತಿಕ್ಕಿ ಒಣಗಲು ಬಿಡುತ್ತಾಳೆ. ಆಮೇಲೆ ಹೆಗಲ ಮೇಲಿದ್ದ ಕಪ್ಪು ತೊಗಲನ್ನು ಗೂಟಗಲ್ಲಿಗೆ ನೇತು ಹಾಕುತ್ತಾಳೆ.

ತೊಗಲು ನೇತಾಡಿದರೆ ಯಾರೂ ದನ ಇಳಿಸಬಾರದು. ಇದು ತಹಶೀಲು ಕಚೇರಿಯ ಹುಕುಂ ಅಲ್ಲ. ಅಲ್ಲಿನ ಯಾವ ದಫ್ತರದಲ್ಲೂ ಆಕೆಯ ಹೆಸರಿಲ್ಲ. ಊರವರು ಕೆಲವರು ಕೇಳುತ್ತಾರೆ, ಕೆಲವರು ಕೇಳುವುದಿಲ್ಲ.

ದುರುಗಪ್ಪ ಊರವನಲ್ಲ. ಸಿಂಧನೂರು ಕಡೆಯ ಸಾಲಗುಂದದ ಕುರಿಗಾರ. ಇನ್ನೂರು ಕುರಿ ಹೊಡೆದುಕೊಂಡು ಲಿಂಗಸುಗೂರಿನ ಸಂತೆಗೆ ಹೊರಟಿದ್ದಾನೆ. ಹೊತ್ತು ಮೂಡಿದ ಸ್ವಲ್ಪ ಹೊತ್ತಿಗೆ ಆತನ ಹಿಂಡು ಏರಿ ಹತ್ತಿ ಬರುತ್ತದೆ. ನೀರಿನ ವಾಸನೆಗೆ ಮುಂದಿನ ಕುರಿಗಳು ಓಡತೊಡಗುತ್ತವೆ. ಸರ್ದಾರಬಿ ದಂಡೆಯ ಇಳಿಜಾರಿಗೆ ಅಡ್ಡ ನಿಲ್ಲುತ್ತಾಳೆ.

"ನಿಲ್ಲಿಸಪಾ. ಮಧ್ಯಾಹ್ನದ ತನಕ ನೀರು ಬಿಡಬ್ಯಾಡ."

"ಮಧ್ಯಾಹ್ನ? ನಿನ್ನಿಯಿಂದ ಬಾಯಿ ಒಣಗ್ಯಾವ ಬೂಬಮ್ಮ! ದಾರ್ಯಾಗ ಹನಿ ನೀರಿಲ್ಲ. ಸರಿ ಈಕಡಿ."

ಕೊಡ ಹೊತ್ತು ಮೆಟ್ಟಿಲ ಕಡೆ ಹೊರಟಿದ್ದ ಅಯ್ಯಮ್ಮ ನಿಂತು ನೋಡುತ್ತಾಳೆ. ಸರ್ದಾರಬಿಯ ಓಣಿಯವಳು, ಬಾಯಿ ಚುರುಕು. "ಆಕಿದು ದಿನಾ ಇದ್ದದ್ದ ಕುರುಬಣ್ಣ. ನಿನ್ನಿ ಬಂಡಿ ಹೋಗ್ಯಾವು, ಸೊಪ್ಪಿ ಉದುರೈತಿ. ಕಣ್ಣಿದ್ದ ಕುರುಡರಿಗೂ ಕಾಣತೈತಿ."

"ನನಗೂ ಹಂಗ ಕಂಡಿತ್ತವ್ವ ಒಮ್ಮಿ," ಎನ್ನುತ್ತಾಳೆ ಸರ್ದಾರಬಿ.

ಅಯ್ಯಮ್ಮ ಕೊಡ ಸರಿಪಡಿಸಿಕೊಂಡು ಮೆಟ್ಟಿಲ ಕಡೆ ನಡೆಯುತ್ತಾಳೆ. ಆ ಒಮ್ಮೆ ಯಾವುದೆಂದು ಆಕೆಗೆ ಗೊತ್ತು. ದುರುಗಪ್ಪನಿಗೆ ಗೊತ್ತಿಲ್ಲ. ಆತ ಕೋಲಿನಿಂದ ಗೂಟಗಲ್ಲು ತೋರಿಸುತ್ತಾನೆ. "ಇದೇನು, ತೊಗಲು? ಯಾರದು?"

"ನಮ್ಮ ಕ್ವಾಣದ್ದು. ಇದ ದಂಡಿಮ್ಯಾಗ, ಇದ ನೀರು ಕುಡದು ಸತ್ತಿದ್ದು."

ದುರುಗಪ್ಪ ತೊಗಲನ್ನು ನೋಡುತ್ತಾನೆ, ನೀರನ್ನು ನೋಡುತ್ತಾನೆ. ಮೆಟ್ಟಿಲ ಕಡೆಯದು ಊರವರು ಕುಡಿಯುವ ನೀರು, ಅಲ್ಲಿ ಕುರಿ ಇಳಿಸುವಂತಿಲ್ಲ. ಸೀಟಿ ಹಾಕಿ ಹಿಂಡನ್ನು ಜಾಲಿಗಿಡಗಳ ನೆರಳಿಗೆ ತಿರುಗಿಸುತ್ತಾನೆ. "ಒಂದ ಕುರಿ ಬಿದ್ದರೂ ನಿನ್ನ ಮನಿ ಮುಂದ ತಂದು ಹಾಕತೀನಿ," ಎನ್ನುವುದನ್ನು ಮರೆಯುವುದಿಲ್ಲ.

ಸರ್ದಾರಬಿಗೆ ಐವತ್ತೈದು ದಾಟಿರಬೇಕು. ಗಂಡ ಲಾಲ್‌ಸಾಬ್ ಪಖಾಲಿಯವನು. ಕೋಣದ ಬೆನ್ನಿಗೆ ದೊಡ್ಡ ತೊಗಲಿನ ಚೀಲ ಹೇರಿ ಕಚೇರಿಗೆ, ಪ್ರಯಾಣಿಕರು ತಂಗುವ ಮುಸಾಫಿರಖಾನೆಗೆ ನೀರು ಹಾಕುತ್ತಿದ್ದ. ಮದುವೆಯಾಗಿ ಬಂದ ಮೊದಲ ವರ್ಷ, ಚೀಲದ ಬಾಯಿಗೆ ಸಿಕ್ಕುವ ಪಾಚಿಯನ್ನು ಬಿಡಿಸುವುದು ಆಕೆಯ ಕೆಲಸವಾಗಿತ್ತು. ಬಿಡಿಸುತ್ತ ಬಿಡಿಸುತ್ತ ಒಂದಕ್ಕೊಂದು ಬೇರೆ ಎಂದು ಬೆರಳಿಗೆ ತಿಳಿಯಿತು. ಎಲ್ಲಿ ನೀರು ತುಂಬಬೇಕೆಂದು ಗಂಡ ಆಕೆಯನ್ನು ಕೇಳತೊಡಗಿದ. ಊರವರೂ ಕೇಳತೊಡಗಿದರು.

ನಿಜಾಮರ ಸರ್ಕಾರದ ಲೆಕ್ಕದಲ್ಲಿ ಫಸಲಿ ೧೩೪೧ರಲ್ಲಿ, ಅಂದರೆ ಹನ್ನೆರಡು ವರ್ಷದ ಕೆಳಗೆ, ಇದೇ ಕೊಯ್ಲಿನ ದಿನಗಳಲ್ಲಿ, ದಂಡೆಯ ನೀರಿನ ಮೇಲೆ ಹಸಿರು ಚೂರುಗಳು ಕಂಡವು. ಹಿಂದಿನ ದಿನ ಸೊಪ್ಪೆಯ ಬಂಡಿ ಹೋಗಿದ್ದವು. ಆಕೆ ಅಂಗೈಯಲ್ಲಿ ಎತ್ತಿ ನೋಡಿದಳು. ಸೊಪ್ಪೆಯ ಚೂರು, ಕುಡಿಸ್ರಿ ಎಂದಳು. ಗಂಡ ಕೋಣ ಬಿಟ್ಟ. ಇಳಿಹೊತ್ತಿನ ನಮಾಜಿಗೆ ಮೊದಲೇ ಅದು ಕಾಲು ಮಡಚಿತು. ಅದರ ಜೊತೆ ಊರವರ ಮೂರು ಎತ್ತು ಸತ್ತವು.

"ನಮ್ಮನಿಯವ್ರು ಒಂದ ಮಾತು ಅನಲಿಲ್ರೀ ನನಗ. ಅಂದಿದ್ರ ಚಲೋ ಇತ್ತು."

ಸತ್ತ ಕೋಣದ ತೊಗಲಿನಲ್ಲಿ ಲಾಲ್‌ಸಾಬ್ ಒಂದು ಸಣ್ಣ ಚೀಲ ಹೊಲಿಸಿಕೊಂಡು ತನ್ನ ಬೆನ್ನ ಮೇಲೆ ನೀರು ಹೊತ್ತ. ಎರಡು ವರ್ಷ ಹೊತ್ತ. ಬೆನ್ನು ನೋಯುತ್ತದೆ ಎಂದೂ ಅನ್ನಲಿಲ್ಲ. ಮೂರನೆಯ ವರ್ಷ ಹೊರಲು ಆತ ಇರಲಿಲ್ಲ. ಈಗ ಗೂಟಗಲ್ಲಿಗೆ ನೇತಾಡುವ ತೊಗಲು ಆ ಚೀಲವೇ. ಮನೆಯಲ್ಲಿ ಎರಡು ತಟ್ಟೆಗಳಿವೆ. ಆಕೆ ಒಂದನ್ನು ತೊಳೆಯುತ್ತಾಳೆ.

ಕೋಣ ಸತ್ತ ಮರುದಿನ ಆಕೆ ದಂಡೆಗೆ ಹೋಗಿದ್ದಳು. ಹಿಂದಿನ ದಿನ ಕೈ ಒರೆಸಿದ್ದ ಕಲ್ಲಿನ ಮೇಲೆ ಚೂರುಗಳು ಒಣಗಿದ್ದವು. "ಸೊಪ್ಪಿ ಒಣಗಿದ್ರ ಹುಲ್ಲಿನ ಬಣ್ಣ ಆಗತೈತಿ. ಇದು ನೀಲಿ ಆಗಿತ್ತು, ಆಕಾಶ ಇದ್ದಂಗ." ಮುಂದಿನ ವರ್ಷಗಳಲ್ಲಿ ಸೀಸೆಗೆ ತುಂಬಿ ತುಂಬಿ ನೋಡಿದಳು. ನೀರು ಕುಡಿದ ಸೊಪ್ಪೆಯನ್ನು ಅಲ್ಲಾಡಿಸಿಟ್ಟರೆ ಮಧ್ಯಾಹ್ನಕ್ಕೆ ಎಷ್ಟೋ ಮೊದಲೇ ತಳ ಸೇರುತ್ತದೆ. ಜೀವ ಇರುವ ಆ ವಿಷದ ಪಾಚಿ ಎಷ್ಟು ಅಲ್ಲಾಡಿಸಿದರೂ ಮೇಲೆದ್ದು ಸೀಸೆಯ ಕೊರಳಿಗೆ ಉಂಗುರ ಕಟ್ಟುತ್ತದೆ. ಮೂರು ಬೇಸಿಗೆ ಉಂಗುರ ಕಟ್ಟಿದೆ. ಮೂರು ಬೇಸಿಗೆಯೂ ತೊಗಲು ವಾರಗಟ್ಟಲೆ ನೇತಾಡಿದೆ.

ಈಗ ಆಕೆ ದಿನಕ್ಕೆ ಹನ್ನೆರಡು ಕೊಡ ನೀರನ್ನು ಮುಸಾಫಿರಖಾನೆಗೆ ಹೊರುತ್ತಾಳೆ. ಹೊಟ್ಟೆಗೆ ಅದೇ ಆಧಾರ. ಕೆರೆ ನೋಡುವುದಕ್ಕೆ ಯಾರೂ ಏನೂ ಕೊಡುವುದಿಲ್ಲ, ಆಕೆ ಕೇಳಿಯೂ ಇಲ್ಲ. ಮಸ್ಕಿಗೆ ಬರುವ ಓದಿದವರೆಲ್ಲ ಗುಡ್ಡದ ಬಂಡೆಯ ಹಳೆಯ ಬರಹ ನೋಡಲು ಬರುತ್ತಾರೆ. ಹೋಗುವಾಗ ಏರಿಯ ಮೇಲೆ ಹಾಯುತ್ತಾರೆ. ಕಡ್ಡಿ ಹಿಡಿದು ಕೂತವಳನ್ನು ಮೀನು ಹಿಡಿಯುವವಳು ಎಂದುಕೊಳ್ಳುತ್ತಾರೆ.

ಬಿಸಿಲು ಏರುತ್ತದೆ. ಜಾಲಿಯ ನೆರಳು ಕುರಿಗಳಿಗೆ ಸಾಲುವುದಿಲ್ಲ. ಮೂರು ಮರಿಗಳು ಎದ್ದು ನಿಲ್ಲಲಾರವು. ಸರ್ದಾರಬಿ ಊರಾಚೆಯ ಬಾವಿಗೆ ಹೋಗಿ, ಮುಸಾಫಿರಖಾನೆಗೆಂದು ತುಂಬಿದ ಕೊಡವನ್ನು ಇಲ್ಲಿಗೆ ತರುತ್ತಾಳೆ. ಅಂಗೈಯಲ್ಲಿ ಹಿಡಿದು ಒಂದೊಂದಕ್ಕೆ ಕುಡಿಸುತ್ತಾಳೆ. ಮತ್ತೆ ಹೋಗಿ ಇನ್ನೊಂದು ಕೊಡ ತರುತ್ತಾಳೆ. ಇನ್ನೂರು ಕುರಿಗೆ ಎರಡು ಕೊಡ ಎಲ್ಲಿಗೆ ಬರುತ್ತದೆ? ದುರುಗಪ್ಪ ಹತ್ತು ಸಲ ಸೀಸೆಯ ಹತ್ತಿರ ಬಂದು ಬಗ್ಗುತ್ತಾನೆ.

"ಏನಂತೈತಿ?"

"ಇನ್ನ ಏನೂ ಅಂದಿಲ್ಲ. ಕುಂದ್ರು."

ನೆರಳು ಕಾಲಡಿಗೆ ಬಂದಾಗ ಸರ್ದಾರಬಿ ಸೀಸೆಯನ್ನು ಅಲುಗದಂತೆ ಎತ್ತಿ ಸೂರ್ಯನಿಗೆ ಹಿಡಿಯುತ್ತಾಳೆ. ಕೊರಳಲ್ಲಿ ಏನೂ ಇಲ್ಲ. ನಡುವೆ ನೀರು ತಿಳಿಯಾಗಿದೆ. ಚೂರುಗಳೆಲ್ಲ ತಳದಲ್ಲಿವೆ. ಕಲ್ಲಿನ ಹತ್ತಿರ ಹೋಗಿ ಕೂರುತ್ತಾಳೆ. ತಿಕ್ಕಿದ್ದು ಹುಲ್ಲಿನ ಬಣ್ಣಕ್ಕೆ ಒಣಗಿದೆ. ಉಗುರಿನಿಂದ ಕೆರೆದು ಮತ್ತೊಮ್ಮೆ ನೋಡುತ್ತಾಳೆ. ಮತ್ತೆ ಸೀಸೆ ನೋಡುತ್ತಾಳೆ. ಆಮೇಲೆ ಗೂಟಗಲ್ಲಿನಿಂದ ತೊಗಲು ಇಳಿಸುತ್ತಾಳೆ.

"ಸೊಪ್ಪಿನ ಐತಿ. ಬಿಡು."

ಕುರಿಗಳು ಇಳಿಜಾರಿನಲ್ಲಿ ಧೂಳೆಬ್ಬಿಸಿ ನುಗ್ಗುತ್ತವೆ. ಇಡೀ ದಂಡೆಯುದ್ದಕ್ಕೂ ಕುಡಿಯುವ ಸದ್ದು. ಮೂರು ಮರಿಗಳೂ ತಾಯಿಗಳ ಹಿಂದೆ ತಡವರಿಸಿ ಇಳಿಯುತ್ತವೆ. ಮಧ್ಯಾಹ್ನದ ಕೊಡಕ್ಕೆ ಬಂದ ಅಯ್ಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ.

"ನಾ ಹೇಳಿದ್ನಿಲ್ಲ? ಸೊಪ್ಪಿ ಚೂರಿಗೆ ಇನ್ನೂರು ಕುರಿ ಉಪಾಸ ಕೆಡವಿದಿ. ಅವಕ್ಕೂ ರೋಜಾ ಹಿಡಿಸಿದಿಯೇನ ಬೂಬಮ್ಮ?"

ದುರುಗಪ್ಪ ಮೊದಲು ನಗುತ್ತಾನೆ. ಮೆಟ್ಟಿಲ ಮೇಲಿದ್ದ ಹೆಂಗಸರೂ ನಗುತ್ತಾರೆ. ಸರ್ದಾರಬಿಯೂ ನಗುತ್ತಾಳೆ, ಸೆರಗು ಬಾಯಿಗೆ ಅಡ್ಡ ಹಿಡಿದು.

ಹೊರಡುವ ಮುಂಚೆ ದುರುಗಪ್ಪ ಕೋಲು ಹೆಗಲಿಗಿಟ್ಟು ಕೇಳುತ್ತಾನೆ: "ಸಂತಿಗೆ ಹೊಂಟೀನಿ. ತಿರಗಿ ಇದ ಹಾದ್ಯಾಗ ಬರ್ತೀನಿ. ಏನರ ತರಲೇನು?"

ಆಕೆ ಕೈಯಲ್ಲಿದ್ದ ಸೀಸೆಯನ್ನು ಎತ್ತಿ ತೋರಿಸುತ್ತಾಳೆ. ಬಹಳ ದಿನದಿಂದ ಯಾರೂ ಇದನ್ನು ಕೇಳಿಲ್ಲ. "ಬಿಳೀ ಸೀಸಿ ಸಿಕ್ಕರ ಒಂದು ತಾರಪಾ. ಕಂದು ಸೀಸ್ಯಾಗ ಬಿಸಿಲು ನೆತ್ತಿಗೆ ಬರೋತನ ಏನೂ ಕಾಣಂಗಿಲ್ಲ. ಬಿಳೀದು ಇದ್ರ ನಿನ್ನ ಕುರಿ ಅಷ್ಟೊತ್ತು ಕಾಯಂಗಿಲ್ಲ."

ಹಿಂಡು ಲಿಂಗಸುಗೂರಿನ ದಾರಿ ಹಿಡಿಯುತ್ತದೆ. ಕೊನೆಯ ಕುರಿ ಕಣ್ಮರೆಯಾಗುವ ತನಕ ಸರ್ದಾರಬಿ ಏರಿಯ ಮೇಲೆ ನಿಂತು ನೋಡುತ್ತಾಳೆ. ಒಂದೂ ಕಾಲು ಮಡಚಿಲ್ಲ. ಮರಿಗಳಿಗೆ ಹೋದ ಎರಡು ಕೊಡ ಮುಸಾಫಿರಖಾನೆಗೆ ಬಾಕಿ ಇದೆ. ನಾಲ್ಕು ಸೀಸೆ ತೊಳೆದು ಬೋರಲು ಹಾಕುತ್ತಾಳೆ. ತೊಗಲನ್ನು ಸುತ್ತಿ ಹೆಗಲಿಗೇರಿಸುತ್ತಾಳೆ.

"ನಗಲಿ ಬಿಡ್ರಿ," ಎನ್ನುತ್ತಾಳೆ. "ಆ ಸಲ ಯಾರೂ ನಗಲಿಲ್ಲ."