ಫೈನಾ ಲುಕೀನಿಚ್ನಾ ಬಿಸಿನೀರು ನಿಲ್ಲಿಸಿದ್ದು

ಯೆಲ್ಮಾ ಊರಿನ ಆಡಳಿತ ಕಚೇರಿಗೆ ಮುಖ್ಯಸ್ಥರು ಬರುತ್ತಿದ್ದರು, ಹೋಗುತ್ತಿದ್ದರು. ಫೈನಾ ಲುಕೀನಿಚ್ನಾ ಮಾತ್ರ ಅಲ್ಲೇ ಇದ್ದಳು. ಮಾಡು ಸೋರಿದರೆ, ಬೀದಿದೀಪ ಕೆಟ್ಟರೆ, ಚಳಿಗಾಲದ ಸೌದೆ ಬರದಿದ್ದರೆ ಜನ ಮುಖ್ಯಸ್ಥರ ಬಾಗಿಲು ದಾಟಿ ನೇರವಾಗಿ ಅವಳ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದರು. ಆಗುವುದನ್ನು ಮಾಡಿಸುತ್ತಿದ್ದಳು, ಆಗದ್ದನ್ನು ಆಗುವುದಿಲ್ಲವೆಂದು ಮುಖಕ್ಕೇ ಹೇಳುತ್ತಿದ್ದಳು. ಅವಳ ಮಾತಿಗೆ ಊರಲ್ಲಿ ತೂಕವಿದ್ದದ್ದು ಅದಕ್ಕೇ.

ಅವಳು ಆ ಊರಿನ ಮಗಳೇ. ಸರ್ಕಾರಿ ಮರದ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ, ನದಿಯಲ್ಲಿ ತೇಲಿಬರುವ ದಿಮ್ಮಿಗಳನ್ನು ಕೊಕ್ಕೆಗೋಲಿನಿಂದ ಬೇರ್ಪಡಿಸುವ ಕೆಲಸಕ್ಕೆ ಸೇರಿದ್ದಳು. ಜೊತೆಗಿದ್ದವಳು ಕಪಿತೊಲೀನಾ, ಎಲ್ಲರ ಬಾಯಲ್ಲಿ ಕಾಪಾ. ಒಂದು ವಸಂತದಲ್ಲಿ ಫೈನಾ ಕಾಲು ಜಾರಿ ದಿಮ್ಮಿಗಳ ಸಂದಿಗೆ ಬಿದ್ದಾಗ ಕಾಪಾ ಜಡೆಗೆ ಕೈಹಾಕಿ ಮೇಲಕ್ಕೆ ಎಳೆದಿದ್ದಳು. “ಜಡೆ ಇತ್ತು, ಬದುಕ್ಕೊಂಡೆ. ಗಂಡಸಾಗಿದ್ರೆ ಮೀನಿಗೆ ಊಟ ಆಗ್ತಿದ್ದೆ ಕಣೇ” ಎಂದು ಕಾಪಾ ಎಷ್ಟೋ ವರ್ಷ ಅವಳನ್ನು ರೇಗಿಸಿದಳು. ಆಮೇಲೆ ಕಾರ್ಖಾನೆ ಮುಚ್ಚಿತು. ಫೈನಾ ಕಚೇರಿ ಸೇರಿದಳು. ಕಾಪಾ ನದಿದಂಡೆಯ ಹಳೆಯ ಮರದ ಸಾಲುಮನೆಯಲ್ಲೇ ಉಳಿದು ಮುದುಕಿಯಾದಳು.

ಆ ಸಾಲುಮನೆಗಳಲ್ಲಿ ಬಿಸಿನೀರಿನ ನಲ್ಲಿ ಇಲ್ಲ. ಶನಿವಾರ ಬಂತೆಂದರೆ ಎಲ್ಲರೂ ಊರ ಬಾನ್ಯಾಕ್ಕೆ, ಅಂದರೆ ಹಬೆಸ್ನಾನದ ಮನೆಗೆ ಹೋಗಬೇಕು. ಆ ವರ್ಷ ಚಳಿಯ ಆರಂಭದಲ್ಲೇ ಅದರ ಬಾಯ್ಲರಿನ ಕೊಳವೆ ಒಡೆಯಿತು. ಹೆಂಗಸರು ಅಡುಗೆಮನೆಯಲ್ಲಿ ಬೋಗುಣಿ ಇಟ್ಟುಕೊಂಡು ಮೈ ಒರೆಸಿಕೊಳ್ಳತೊಡಗಿದರು. “ಸುತ್ತ ಕಾಡು, ಲಾರಿ ಲಾರಿ ಮರ ಹೋಗ್ತಿದೆ, ನಮಗೆ ತಲೆ ತೊಳೆಯೋಕೆ ಚೊಂಬು ಬಿಸಿನೀರಿಲ್ಲ” ಎಂದು ಫೈನಾಳ ಮೇಜಿನ ಮುಂದೆ ಬಂದು ಬೈದರು. ಹೊಸ ಕೊಳವೆ ಬರಲಿಲ್ಲ. ಬಂದದ್ದು ಬೇರೊಂದು ಸುದ್ದಿ. ಪ್ರಾಂತ್ಯದ ದೊಡ್ಡ ಅಧಿಕಾರಿಯೊಬ್ಬರು ದುರಸ್ತಿಯಾದ ಬಾನ್ಯಾ ನೋಡಲು ಬರುತ್ತಾರಂತೆ.

“ದುರಸ್ತಿ ಎಲ್ಲಾಗಿದೆ ವಾದಿಮ್ ಸಾವ್ವಿಚ್?” ಎಂದಳು ಫೈನಾ.

ಮುಖ್ಯಸ್ಥರಾದ ವಾದಿಮ್ ಸಾವ್ವಿಚ್ ಇನ್ನೂ ಚಿಕ್ಕ ವಯಸ್ಸಿನವರು, ಒಳ್ಳೆಯ ಮಾತುಗಾರರು. “ಆಗಿದೆ ಅಂತ ಮೇಲಕ್ಕೆ ತಿಳಿಸಿ ಆಯ್ತು. ಬಾಯ್ಲರ್ ನೋಡ್ಕೊಳ್ಳೋ ಯೆರ್ಮೊಲಾಯ್ ಹತ್ರ ಕೊಳವೆಗೆ ತೇಪೆ ಹಾಕಿಸಿದ್ದೀನಿ. ನೀವು ಆ ಸಾಲುಮನೆ ಮುದುಕೀರನ್ನ ಕರ್ಕೊಂಡು ಬನ್ನಿ, ಸಾಕು. ನಾನು ಕರೆದ್ರೆ ಬರಲ್ಲ, ನೀವು ಕರೆದ್ರೆ ಬರ್ತಾರೆ.”

ಅದು ನಿಜವಾಗಿತ್ತು. ಫೈನಾ ಹೋಗಿ ಕರೆದಳು, ಎಲ್ಲರೂ ಬಂದರು. ಒಗೆದ ಬಟ್ಟೆ, ಟವೆಲ್ಲು, ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟು ಹಿಡಿದುಕೊಂಡು, ಹಬ್ಬಕ್ಕೆ ಬಂದವರ ಹಾಗೆ ಬಂದರು. ಅಧಿಕಾರಿ ಬಹಳ ತಡವಾಗಿ ಬಂದರು. ಹೊರಕೋಣೆಯ ಬೆಂಚುಗಳನ್ನು ನೋಡಿ, ಚಹಾ ಕುಡಿದು, ಎಲೆಕೋಸಿನ ಕಡುಬು ಮುರಿದು ಬಾಯಿಗಿಟ್ಟುಕೊಂಡರು. ಅವರ ಜೊತೆ ಬಂದಿದ್ದ ಟಿವಿಯವರು ಕಾಪಾಳ ಮುಂದೆ ಮೈಕು ಹಿಡಿದರು.

“ನಾನೇನು ಹೇಳ್ಲಿ? ನಮ್ಮ ಫೈನಾ ಇದ್ದಾಳಲ್ಲ, ಅವಳು ಆಗತ್ತೆ ಅಂದ್ರೆ ಆದ ಹಾಗೇನೇ” ಎಂದಳು ಕಾಪಾ.

ಫೈನಾ ಗೋಡೆಯ ಕಡೆ ನೋಡುತ್ತ ನಿಂತಳು.

ಅಧಿಕಾರಿ ಹೊರಟ ಮೇಲೆ ಹೆಂಗಸರು ನಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಒಳಗೆ ಹೋದರು. ಇನ್ನೂ ಮೈ ನೆನೆದಿತ್ತೋ ಇಲ್ಲವೋ, ವಾದಿಮ್ ಸಾವ್ವಿಚ್ ಫೋನ್ ಮಾಡಿದರು. “ಕಾರು ಸೇತುವೆ ದಾಟ್ತು. ಬಾಯ್ಲರ್ ನಿಲ್ಲಿಸಿಬಿಡಿ. ತೇಪೆ ಕಿತ್ಕೊಂಡ್ರೆ ಇಡೀ ಪ್ರಾಂತ್ಯಕ್ಕೆ ಗೊತ್ತಾಗತ್ತೆ.”

“ಒಳಗೆ ಜನ ಇದ್ದಾರೆ.”

“ಅವರಿಗೆ ಏನಾದ್ರೂ ಹೇಳಿ. ನಿಮಗೆ ಹೇಳಿಕೊಡಬೇಕಾ?”

ಅವಳು ಹಿಂದಿನ ಬಾಯ್ಲರ್ ಕೋಣೆಗೆ ಹೋದಳು. ಯೆರ್ಮೊಲಾಯ್ ಸೌದೆಯ ಮೇಲೆ ಕೂತು ಸಿಗರೇಟು ಸೇದುತ್ತಿದ್ದ.

“ನಿಲ್ಸಪ್ಪ.”

“ತೇಪೆ ಗಟ್ಟಿ ಇದೆ ಅಮ್ಮ. ಅವರ ಸ್ನಾನ ಮುಗಿಯೋವರೆಗೂ ತಡ್ಕೊಳ್ಳತ್ತೆ. ನಾನು ಜವಾಬ್ದಾರಿ.”

“ನಿಲ್ಸು ಅಂದ್ನಲ್ಲ” ಎಂದು ಗದರಿದಳು. ಆ ಗದರಿಕೆ ವಾದಿಮ್ ಸಾವ್ವಿಚ್‌ರದ್ದಲ್ಲ, ತನ್ನದೇ ಎನ್ನುವುದು ಅವಳಿಗೆ ಆ ಗಳಿಗೆಯಲ್ಲೇ ಗೊತ್ತಾಯಿತು.

ಒಳಗಿನಿಂದ ಮೊದಲು ಒಂದು ಕೂಗು, ಆಮೇಲೆ ಒಟ್ಟಿಗೇ ಕೂಗು. ಕಾಪಾ ಮೈಗೆ ಟವೆಲ್ಲು ಸುತ್ತಿಕೊಂಡು ಹೊರಕೋಣೆಗೆ ಬಂದಳು. ತಲೆತುಂಬ ಸೋಪಿನ ನೊರೆ, ಉರಿಯುವ ಕಣ್ಣು ಮುಚ್ಚಿಕೊಂಡೇ ಗೋಡೆ ತಡವುತ್ತಿದ್ದಳು.

“ಏನೇ ಫೈನಾ, ತಣ್ಣೀರು ಬರ್ತಿದೆ? ಕೊಳವೆ ಮತ್ತೆ ಹೋಯ್ತಾ?”

“ಹೂಂ. ಹೋಯ್ತು ಕಾಪಾ.”

“ಥೂ, ಹಾಳಾದ್ದು! ಹೋಗ್ಲಿ ಬಿಡೇ, ನೀನ್ಯಾಕೆ ದನಿ ಸಣ್ಣ ಮಾಡ್ಕೊಂಡಿದ್ದೀಯ? ನೀನೇನು ಒಡೆದೆಯಾ?” ಎಂದು ಕಾಪಾ ಒದ್ದೆ ಕೈಯಿಂದ ಅವಳ ತೋಳು ಸವರಿದಳು. ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಯೆರ್ಮೊಲಾಯ್ ಹೊರಟುಹೋದ.

ಹೆಂಗಸರು ತಣ್ಣೀರಲ್ಲೇ ನೊರೆ ತೊಳೆದುಕೊಂಡು, ಹಸಿ ತಲೆಗೆ ಶಾಲು ಬಿಗಿದು, ಹಿಮದಲ್ಲಿ ಮನೆಗೆ ನಡೆದರು. ಕಾಪಾಳಿಗೆ ಜ್ವರ ಹಿಡಿಯಿತು. ಅವಳು ಹೊದ್ದು ಮಲಗಿದ್ದಾಗಲೇ ಟಿವಿಯಲ್ಲಿ ಅವಳು ನಗುತ್ತಾ ಫೈನಾಳನ್ನು ಹೊಗಳುವುದನ್ನು ಊರೆಲ್ಲ ನೋಡಿತು. ಫೈನಾ ಟಿವಿ ಆರಿಸಿ ಅಡುಗೆಮನೆಯಲ್ಲಿ ಕುಳಿತಳು. ಪಕ್ಕದ ಮನೆಯ ಟಿವಿಯಲ್ಲಿ ಅದೇ ದನಿ ಬರುತ್ತಿತ್ತು.

ಜ್ವರಕ್ಕೆ ಒಳ್ಳೆಯದೆಂದು ರಾಸ್ಪ್‌ಬೆರಿ ಹಣ್ಣಿನ ಜಾಮಿನ ಭರಣಿ ಹಿಡಿದು ಎರಡು ಸಲ ಸಾಲುಮನೆಯವರೆಗೆ ಹೋಗಿ ಹಿಂದಿರುಗಿದಳು. ಕೊನೆಗೊಮ್ಮೆ ಒಳಗೆ ಹೋದಳು.

“ಕೊಳವೆ ಒಡೀಲಿಲ್ಲ ಕಾಪಾ. ಅಧಿಕಾರಿ ಹೋದ್ರು ಅಂತ ನಿಲ್ಲಿಸಿದ್ದು. ನಿಲ್ಸು ಅಂದೋಳು ನಾನೇ.”

ಕಾಪಾ ಬಹಳ ಹೊತ್ತು ಕೆಮ್ಮಿದಳು. “ಯೆರ್ಮೊಲಾಯ್ ಹೇಳಿದ. ನಾನು ಅವನಿಗೇ ಬೈದೆ, ಫೈನಾ ಮೇಲೆ ಸುಳ್ಳು ಹೊರಿಸ್ತೀಯಾ ಅಂತ.” ಆಮೇಲೆ ಗೋಡೆಯ ಕಡೆ ತಿರುಗಿ ಹೇಳಿದಳು: “ಸೋಪು ಹಚ್ಕೊಂಡು ನಾನೊಬ್ಳೇ ನಿಂತಿರ್ಲಿಲ್ಲ. ಮಿಕ್ಕೋರಿಗೂ ಹೇಳು.”

ಫೆಬ್ರವರಿಯಲ್ಲಿ ಮುಖ್ಯಸ್ಥರು ಊರ ಕ್ಲಬ್ಬಿನ ಸಭಾಂಗಣದಲ್ಲಿ ಜನರೆದುರು ವರ್ಷದ ವರದಿ ಒಪ್ಪಿಸುವ ಸಭೆ ನಡೆಯಿತು. ಬಾನ್ಯಾದ ಮಾತು ಬಂದಾಗ ಫೈನಾ ಎದ್ದು ನಿಂತಳು. ತೇಪೆ, ಫೋನು, ತಾನು ಗದರಿದ್ದು, ಸುಳ್ಳು ಹೇಳಿದ್ದು, ಎಲ್ಲವನ್ನೂ ಹೇಳಿದಳು. “ಫೈನಾ ಲುಕೀನಿಚ್ನಾಗೆ ವಿಶ್ರಾಂತಿ ಬೇಕಾಗಿದೆ” ಎಂದರು ವಾದಿಮ್ ಸಾವ್ವಿಚ್. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಿಂದ ಒಬ್ಬಳು ಕೂಗಿದಳು: “ಈಗ ನೆನಪಾಯ್ತೇನಮ್ಮ? ನಿನ್ನ ಮನೆ ಹಿತ್ತಿಲಲ್ಲಿ ಸ್ವಂತ ಬಾನ್ಯಾ ಇದೆಯಲ್ಲ, ನಿನಗೇನು!” ಜನ ನಕ್ಕರು. ಫೈನಾ ಕುರ್ಚಿಯ ಬೆನ್ನು ಹಿಡಿದುಕೊಂಡು, ನಗು ಮುಗಿಯುವವರೆಗೂ ನಿಂತೇ ಇದ್ದಳು.

ಆದರೂ ಆ ಸಭೆಯಿಂದ ಗಲಾಟೆ ಹೊತ್ತಿಕೊಂಡಿತು. ಹೆಂಗಸರೆಲ್ಲ ಸೇರಿ ಜಿಲ್ಲಾ ಕಚೇರಿಯ ಮೆಟ್ಟಿಲ ಮೇಲೆ ಕೂತರು. ಹಿಮ ಕರಗುವ ಹೊತ್ತಿಗೆ ಹೊಸ ಕೊಳವೆ ಬಂತು. ವಾದಿಮ್ ಸಾವ್ವಿಚ್‌ರಿಗೆ ಬೇರೆ ಊರಲ್ಲಿ ಇದಕ್ಕಿಂತ ಒಳ್ಳೆಯ ಹುದ್ದೆ ಸಿಕ್ಕಿತು. ಫೈನಾ ಕೆಲಸ ಬಿಡುತ್ತೇನೆಂದಳು. ಅವಳ ಜಾಗಕ್ಕೆ ಬೇರೆ ಯಾರೂ ಬರಲಿಲ್ಲವಾದ್ದರಿಂದ ಅದೇ ಮೇಜಿನಲ್ಲೇ ಉಳಿದಳು. ಜನ ಈಗಲೂ ಬರುತ್ತಾರೆ, ಆದರೆ ಅವಳು ಆಗುತ್ತದೆ ಎಂದರೂ ಒಂದು ಗಳಿಗೆ ನಿಂತು ಅವಳ ಮುಖ ನೋಡಿ ಹೋಗುತ್ತಾರೆ.

ಕಾಪಾ ಚೇತರಿಸಿಕೊಂಡಳು. ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಇಬ್ಬರೂ ಆಗಾಗ ಎದುರಾಗುತ್ತಾರೆ. ಕಾಪಾ ಮುಖ ತಿರುಗಿಸುವುದಿಲ್ಲ. “ಚೆನ್ನಾಗಿದ್ದೀರಾ, ಫೈನಾ ಲುಕೀನಿಚ್ನಾ? ನೀವೇ ಮುಂದೆ ಬನ್ನಿ” ಎಂದು ಬಹಳ ಮರ್ಯಾದೆಯಿಂದ ದಾರಿ ಬಿಡುತ್ತಾಳೆ.