ಮಹಜರಿನ ಮೇಣದಬತ್ತಿ

ಹೋದ ಬುಧವಾರ ಡ್ಯೂಟಿಯಲ್ಲಿದ್ದ ಪೊಲೀಸ್ ದಫೇದಾರರೊಬ್ಬರ ಕೈ ಹಿಡಿದು ತಿರುಚಿದೆ. ಹೌದು, ನಾನೇ. ಹುಡುಗರ ಕಿವಿ ಹಿಂಡುವುದಕ್ಕೂ ಎರಡು ಸಲ ಯೋಚಿಸುವ ಹೈಸ್ಕೂಲು ಸೈನ್ಸ್ ಮೇಷ್ಟ್ರು. ಆದರೂ ನನ್ನನ್ನು ಲಾಕಪ್ಪಿಗೆ ಹಾಕಲಿಲ್ಲ. ಯಾಕೆ ಅಂತ ಹೇಳುತ್ತೇನೆ, ಕೇಳಿ.

ನಮ್ಮ ಮದ್ದೂರಿನ ಆಸುಪಾಸಿನಲ್ಲಿ ಯಾರೋ ಗುಟ್ಟಾಗಿ ನಿದ್ದೆಮಾತ್ರೆ ತಯಾರಿಸುತ್ತಿದ್ದಾರೆ ಎಂಬ ಸುಳಿವು ಪೊಲೀಸರಿಗೆ ಸಿಕ್ಕಿತ್ತು. ನಿದ್ದೆ ಬಾರದವರಿಗಲ್ಲ, ಅಮಲು ಬೇಕಾದವರಿಗೆ. (ಹೆಂಡ ಸಾಲದಾಯಿತೇನೋ!) ನಮ್ಮ ಪೊಲೀಸರು ಕಳ್ಳಭಟ್ಟಿ ಹಿಡಿದು ಪಳಗಿದವರು. ಸಾರಾಯಿ ಸಿಕ್ಕರೆ ಮೂಸುತ್ತಾರೆ, ಬೆರಳದ್ದಿ ನೆಕ್ಕುತ್ತಾರೆ, ಕಡ್ಡಿ ಗೀರಿ ಉರಿಯುತ್ತದೆಯೇ ನೋಡುತ್ತಾರೆ. ಕೆಮಿಕಲ್ ಇರುವ ಕಡೆ ಇದರಲ್ಲಿ ಯಾವುದನ್ನು ಮಾಡಿದರೂ ಹೆಣ ಬೀಳಬಹುದು. ಅದಕ್ಕೇ ಹೊಸ ಸಬ್ ಇನ್ಸ್‌ಪೆಕ್ಟರು ಸ್ಕೂಲಿಗೇ ಬಂದು, "ನಮ್ಮವರಿಗೆ ಒಂದು ಕ್ಲಾಸ್ ತಗೊಳ್ಳಿ ಸಾರ್" ಎಂದರು.

ತಗೊಂಡೆ. ತಗಡೊಂದನ್ನು ಇಳಿಜಾರಾಗಿ ನಿಲ್ಲಿಸಿ, ಮೇಲಿನ ತುದಿಯಲ್ಲಿ ಈಥರ್ ಎಂಬ ಥಟ್ಟನೆ ಆವಿಯಾಗುವ ದ್ರವದಲ್ಲಿ ಅದ್ದಿದ ಚೂರು ಹತ್ತಿ ಇಟ್ಟೆ. ಕೆಳಗೆ, ಮಾರು ದೂರದಲ್ಲಿ, ಮೇಣದಬತ್ತಿ. ಕಣ್ಣಿಗೆ ಕಾಣದ ಆವಿ ತಗಡಿನ ಮೇಲೆ ಇಳಿದು ಬಂತು. ಬೆಂಕಿ ಭಗ್ಗೆಂದು ಮೇಲಕ್ಕೆ ಓಡಿತು. ಮುಂದಿನ ಬೆಂಚಿನಲ್ಲಿದ್ದ ದಫೇದಾರ್ ಸಿದ್ದೇಗೌಡರು ಎದ್ದು ಹಿಂದಿನ ಬೆಂಚಿಗೆ ಹೋದರು.

"ಏನ್ ಮೇಷ್ಟ್ರೇ, ಬೆಂಕಿ ಉಡುಕ್ಕೊಂಡ್ ಬತ್ತದಲ್ಲ ಇದು" ಎಂದರು.

"ಅದಕ್ಕೇ ಹೇಳಿದ್ದು. ಮೂಸಬೇಡಿ, ನೆಕ್ಕಬೇಡಿ, ಬೀಡಿ ಹಚ್ಚಬೇಡಿ" ಎಂದೆ. ಬೋರ್ಡಿನ ಮೇಲೆ ಬರೆದೂ ಬರೆದೆ.

ಅಲ್ಲಿಗೆ ನನ್ನ ಕೆಲಸ ಮುಗಿಯಬೇಕಿತ್ತು. ಆದರೆ ದಾಳಿಯ ದಿನ ಮಹಜರಿಗೆ ಸಾಕ್ಷಿಯಾಗಿ ನೀವೇ ಬರಬೇಕು ಎಂದರು ಸಬ್ ಇನ್ಸ್‌ಪೆಕ್ಟರು. ಪೊಲೀಸರು ಕರೆದರೆ ಒಲ್ಲೆ ಎನ್ನುವ ಧೈರ್ಯ ನಿಮಗಿದೆಯೇ? ನನಗಿಲ್ಲ.

ಮಳವಳ್ಳಿ ರಸ್ತೆಯಲ್ಲಿ ಒಂದು ಪಾಳು ಆಲೆಮನೆ. ಮಟಮಟ ಮಧ್ಯಾಹ್ನ. ಒಳಗಿದ್ದ ಇಬ್ಬರನ್ನು ಹಿಡಿದು ಹೊರಗೆ ಕೂರಿಸಿದರು. ಬಾಗಿಲಲ್ಲೇ ಸಿಹಿ ಸಿಹಿ ವಾಸನೆ ಮೂಗಿಗೆ ಹೊಡೆಯಿತು. ಬೆಲ್ಲದ್ದಲ್ಲ, ಈಥರಿನದು. ಪುಸ್ತಕದಲ್ಲಿ ಓದಿದ್ದನ್ನು ಹುಡುಗರಿಗೆ ಒಪ್ಪಿಸುವವನು ನಾನು. ತಗಡಿನ ಮೇಲೆ ತೋರಿಸಿದ್ದು ಚೂರು ಹತ್ತಿ, ಇಲ್ಲಿದ್ದದ್ದು ನಾಲ್ಕು ದೊಡ್ಡ ಕ್ಯಾನು. ಒಂದರ ಮುಚ್ಚಳ ಬೇರೆ ತೆಗೆದೇ ಇತ್ತು.

ಆದರೆ ನಮ್ಮವರು ಭೇಷ್ ಅನ್ನುವ ಹಾಗೆ ನಡೆದುಕೊಂಡರು. ಕಿಟಕಿ, ಬಾಗಿಲು ತೆರೆದರು. ಯಾರೂ ಮೂಸಲಿಲ್ಲ. ಸಿದ್ದೇಗೌಡರಂತೂ ಬೀಡಿ ಕಟ್ಟನ್ನು ಜೀಪಿನಲ್ಲೇ ಬಿಟ್ಟು ಬಂದಿದ್ದರು. ನನಗೆ ಒಳಗೊಳಗೇ ಹೆಮ್ಮೆ.

ಸಬ್ ಇನ್ಸ್‌ಪೆಕ್ಟರು ಕ್ಯಾನುಗಳ ಪಕ್ಕದಲ್ಲೇ ಮಹಜರು ಬರೆಯಲು ಕೂತರು. ಸ್ಯಾಂಪಲ್ಲು ಬಾಟಲಿಗೆ ಬಿತ್ತು. ಬಿರಡೆ ಹಾಕಿ, ಬಟ್ಟೆ ಸುತ್ತಿ, ದಾರ ಕಟ್ಟಿದರು. ಸಿದ್ದೇಗೌಡರು ಸೀಲಿನ ಡಬ್ಬಿ ತೆಗೆದರು. ಅದರಲ್ಲಿ ಅರಗು, ಹಿತ್ತಾಳೆ ಮೊಹರು, ಅರಗು ಕರಗಿಸಲು ಮೋಟು ಮೇಣದಬತ್ತಿ, ಒಂದು ಬೆಂಕಿಪೊಟ್ಟಣ.

ಕಡ್ಡಿ ಹೊರಗೆ ಬಂತು.

ಕೂಗಿ ಹೇಳುವಷ್ಟು ಹೊತ್ತಿಲ್ಲ. ಬರೆಯುವವರು ಬರೆಯುತ್ತಿದ್ದಾರೆ. ಕಾನ್‌ಸ್ಟೇಬಲ್ಲು ಬಾಟಲಿಯನ್ನು ಅಲುಗದ ಹಾಗೆ ಹಿಡಿದುಕೊಂಡಿದ್ದಾನೆ. ಯಾರ ಮುಖದಲ್ಲೂ ಗಾಬರಿಯಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿದ್ದು. ಎಗರಿ ಕೈ ಹಿಡಿದೆ, ತಿರುಚಿದೆ. ಕಡ್ಡಿ ಗೀರದೆ ಕೆಳಗೆ ಬಿತ್ತು.

ಸಿದ್ದೇಗೌಡರಿಗೆ ಸಿಟ್ಟು ಬಂತು. "ಬುಡಿ ಮೇಷ್ಟ್ರೇ ಕೈಯ. ನಾನೇನ್ ಬೀಡಿ ಅಚ್ತಾ ಇವ್ನಾ? ಸರ್ಕಾರಿ ಸೀಲು ಕಣ್ರೀ ಇದು."

"ಬೆಂಕಿಗೆ ಅದು ಗೊತ್ತಾಗುತ್ತಾ ಗೌಡ್ರೇ?" ಎಂದೆ.

ಅವರು ಕ್ಯಾನುಗಳ ಕಡೆ ನೋಡಿದರು. ಡಬ್ಬಿ ಮುಚ್ಚಿದರು. ಹೊರಗೆ ಹೋಗಿ ಜಗುಲಿಯ ಮೇಲೆ ಕೂತು ಎರಡು ಸಲ ಮುಖ ಒರೆಸಿಕೊಂಡರು. "ಮನೇಲಿ ಮೂರ್ ಎಣ್ಮಕ್ಳವೆ ಮೇಷ್ಟ್ರೇ" ಎಂದರು.

ತಪ್ಪು ಅವರದೇ? ನನ್ನ ಪಾಠದಲ್ಲಿದ್ದದ್ದೆಲ್ಲ ಅವರ ಚಟಗಳು. ಅವರ ಕೆಲಸ ನನಗೆ ನೆನಪಾಗಲಿಲ್ಲ. ಪೊಲೀಸರೆಂದರೆ ಬೀಡಿ ಎಂದುಕೊಂಡಿದ್ದೆ. ಅವರು ನಿಯತ್ತಾಗಿ ರೂಲ್ಸು ಪಾಲಿಸುವಾಗಲೇ ನಾವು ಆರು ಜನ ಸುಟ್ಟು ಕರಕಲಾಗುತ್ತಿದ್ದೆವು. ಆಫೀಸಿನಲ್ಲಿ, ಬ್ಯಾಂಕಿನಲ್ಲಿ, ನಮ್ಮ ಸ್ಕೂಲಿನಲ್ಲಿ, ಹೀಗೆ ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸಗಳು ಇನ್ನೆಷ್ಟಿವೆಯೋ. ನೆನೆಸಿಕೊಂಡರೆ ಭಯವಾಗುತ್ತದೆ. ಈಗ ಮನೆಯಲ್ಲಿ ಹೆಂಡತಿ ಸ್ಟೌ ಹಚ್ಚಿದರೂ ಬೆಚ್ಚಿಬೀಳುತ್ತೇನೆ.

ಬಾಟಲಿಯಲ್ಲಿರುವುದೂ ಈಥರೇ, ಹೊರಗೆ ಒಯ್ದರೂ ಬೆಂಕಿ ಬೇಡ ಎಂದೆ. ಕೊನೆಗೆ ಗಂಟಿನ ಮೇಲೆ ಚೀಟಿ ಅಂಟಿಸಿ ಎಲ್ಲರೂ ಸಹಿ ಹಾಕಿದೆವು. ಸಬ್ ಇನ್ಸ್‌ಪೆಕ್ಟರ ಮುಖ ಮಾತ್ರ ಸಪ್ಪಗಿತ್ತು. "ಅರಗಿನ ಸೀಲಿಲ್ಲ ಅಂತ ಡಿಫೆನ್ಸ್ ಲಾಯರು ಕೇಸನ್ನೇ ಹರಿದುಹಾಕ್ತಾರೆ ಸಾರ್. ಸೀಲು ಯಾಕೆ ಹಾಕಲಿಲ್ಲ ಅಂತ ಸಾಕ್ಷಿ ಕಟ್ಟೆಯಲ್ಲಿ ನಿಮ್ಮನ್ನೇ ಕೇಳೋದು" ಎಂದರು.

ಹಾಕಿದ್ದರೆ ಆ ಕಟ್ಟೆ ಹತ್ತಲು ನಾನೇ ಇರುತ್ತಿರಲಿಲ್ಲ ಸ್ವಾಮಿ, ಅಂದರೆ ಕೋರ್ಟು ಒಪ್ಪುತ್ತದೆಯೇ?